ಹಳದಿ ದೀಪ ಮತ್ತು ಗಾಳಿಯ ಲೆಕ್ಕ: ಕಾರಿನ ಟೈರ್ ಸೆನ್ಸರ್‌ಗಳನ್ನು ಮನೆಯಲ್ಲೇ ರೀಸೆಟ್ ಮಾಡುವ ಬಗೆ

ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹೊತ್ತಿಕೊಳ್ಳುವ ದೀಪಗಳಲ್ಲಿ ಒಂದು ಕುದುರೆಲಾಳವನ್ನು ಮೇಲ್ಮುಖವಾಗಿ ನಿಲ್ಲಿಸಿ, ನಡುವೆ ಆಶ್ಚರ್ಯಸೂಚಕ ಚಿಹ್ನೆ ಇಟ್ಟಂತೆ ಕಾಣುತ್ತದೆ. ಅದು ಲಾಳವಲ್ಲ, ಟೈರನ್ನು ಅಡ್ಡಡ್ಡ ಕೊಯ್ದು, ತಳದಲ್ಲಿ ರಸ್ತೆಗೆ ತಾಗುವ ಹಲ್ಲುಗಳನ್ನು ತೋರಿಸಿ ಬರೆದ ಚಿತ್ರ. ಹಳದಿ ಬಣ್ಣದ ಆ ಗುರುತು ಹೊತ್ತಿತೆಂದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ, ಇಲ್ಲವೇ ಗಾಳಿಯನ್ನು ಅಳೆಯಬೇಕಾದ ವ್ಯವಸ್ಥೆಯೇ ಕೆಟ್ಟಿದೆ ಎಂದು ಅರ್ಥ. ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್, ಅಂದರೆ ಟೈರಿನೊಳಗಿನ ಒತ್ತಡದ ಮೇಲೆ ಸದಾ ಕಣ್ಣಿಡುವ ಈ ಏರ್ಪಾಡನ್ನು ಶೋರೂಮುಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ಟಿಪಿಎಂಎಸ್ ಎಂಬ ಚುಟುಕು ಹೆಸರಿನಿಂದ ಕರೆಯುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಸಿದ ಮೇಲೂ ದೀಪ ಆರದಿದ್ದಾಗ ಮಾಲೀಕರು ಹುಡುಕತೊಡಗುವ ಉಪಾಯವೇ ರೀಸೆಟ್. ಈ ಕೆಲಸವನ್ನು ಬಹುತೇಕ ಕಾರುಗಳಲ್ಲಿ ಮನೆಯಂಗಳದಲ್ಲೇ, ಯಾವ ವಿಶೇಷ ಉಪಕರಣವೂ ಇಲ್ಲದೆ ಮಾಡಿಕೊಳ್ಳಬಹುದು. ಆದರೆ ದೀಪ ಆರಿಸುವುದಕ್ಕಾಗಿ ರೀಸೆಟ್ ಮಾಡುವುದು ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಅಭ್ಯಾಸ, ಮತ್ತು ಕೆಲವು ಕಾರುಗಳಲ್ಲಿ ಅದು ಅಪಾಯಕ್ಕೂ ದಾರಿಯಾಗುತ್ತದೆ.

ಈ ವ್ಯವಸ್ಥೆ ಮೊದಲು ಕಾಣಿಸಿಕೊಂಡದ್ದು 1986ರಲ್ಲಿ, ಜರ್ಮನಿಯ ಪೋರ್ಶೆ 959 ಎಂಬ ಅತಿ ದುಬಾರಿ ಕಾರಿನಲ್ಲಿ. ಶ್ರೀಮಂತರ ಈ ಸೌಕರ್ಯ ಸಾಮಾನ್ಯ ಕಾರುಗಳಿಗೆ ಇಳಿದು ಬಂದುದರ ಹಿಂದೆ ಅಮೆರಿಕದ ಒಂದು ದೊಡ್ಡ ದುರಂತಸರಣಿ ಇದೆ. 1990ರ ದಶಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ವೇಗದ ಓಟದಲ್ಲಿ ಕಿತ್ತುಬಂದು, ವಾಹನಗಳು ಪಲ್ಟಿಯಾಗಿ, ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟಿನಲ್ಲಿ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆಗ ಎದ್ದ ವಾದಗಳಲ್ಲಿ ಗಾಳಿಯ ಪ್ರಮಾಣದ್ದೂ ಒಂದು: ವಾಹನ ತಯಾರಕರು ಶಿಫಾರಸು ಮಾಡಿದ್ದು 26 ಪಿಎಸ್‌ಐ, ಟೈರ್ ತಯಾರಕರು ಬೇಕೆಂದದ್ದು 30 ಪಿಎಸ್‌ಐ. ಪಿಎಸ್‌ಐ ಎಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಒತ್ತಡವನ್ನು ಪೌಂಡಿನಲ್ಲಿ ಹೇಳುವ ಅಳತೆ. ನಮ್ಮ ಪಂಕ್ಚರ್ ಅಂಗಡಿಯಲ್ಲಿ 'ಮೂವತ್ಮೂರು ಇಡಿ' ಎಂದಾಗ ಹೇಳುವುದು ಇದನ್ನೇ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ರಬ್ಬರು ಮತ್ತು ಒಳಗಿನ ಉಕ್ಕಿನ ತಂತಿಗಳ ನಡುವಿನ ಬೆಸುಗೆ ಸಡಿಲಾಗುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಟ್ರೆಡ್ ಕಾಯ್ದೆ, ಹೊಸ ಕಾರುಗಳಲ್ಲಿ ಗಾಳಿ ಇಳಿದುದನ್ನು ಚಾಲಕನಿಗೆ ತಿಳಿಸುವ ಸಾಧನ ಇರಲೇಬೇಕೆಂದು ವಿಧಿಸಿತು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2002ರಲ್ಲಿ ರೂಪಿಸಿದ ಮೊದಲ ನಿಯಮದಲ್ಲಿ ಒಂದು ಟೈರು ಮಾತ್ರ ಇಳಿದಾಗ ಪತ್ತೆಹಚ್ಚಬಲ್ಲ ಅಗ್ಗದ ವಿಧಾನಕ್ಕೂ ಅವಕಾಶವಿತ್ತು. ಗ್ರಾಹಕರ ಪರವಾದ ಪಬ್ಲಿಕ್ ಸಿಟಿಜನ್ ಸಂಸ್ಥೆ ಇದನ್ನು ಪ್ರಶ್ನಿಸಿತು. ನಾಲ್ಕೂ ಟೈರುಗಳು ಒಟ್ಟಿಗೆ ಇಳಿದರೆ ಸುಮ್ಮನಿರುವ ಸಾಧನ ಕಾಯ್ದೆಯ ಉದ್ದೇಶವನ್ನು ಈಡೇರಿಸುವುದಿಲ್ಲವೆಂದು 2003ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಅವಕಾಶವನ್ನು ರದ್ದುಮಾಡಿತು. 2005ರ ಪರಿಷ್ಕೃತ ನಿಯಮದ ಪ್ರಕಾರ ಒಂದರಿಂದ ನಾಲ್ಕರವರೆಗೆ ಎಷ್ಟೇ ಟೈರುಗಳಲ್ಲಿ ಗಾಳಿ ಶಿಫಾರಸಿಗಿಂತ ಶೇ 25ರಷ್ಟು ಇಳಿದರೂ ದೀಪ ಹೊತ್ತಬೇಕು; 2007ರ ಸೆಪ್ಟೆಂಬರಿನಿಂದ ಇದು ಅಲ್ಲಿನ ಎಲ್ಲ ಹೊಸ ಲಘು ವಾಹನಗಳಿಗೂ ಕಡ್ಡಾಯವಾಯಿತು. ಯುರೋಪಿನಲ್ಲಿ 2012ರಿಂದ ಹೊಸ ಮಾದರಿಗಳಿಗೆ, 2014ರಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದ ನಿಯಮ ಇನ್ನೂ ಬಿಗಿಯಾಗಿದ್ದು, ಅಲ್ಲಿನ ಮಿತಿ ಶೇ 20. ಕಾಯ್ದೆ ಪ್ರಯೋಜನ ತಂದಿತೇ ಎಂಬುದಕ್ಕೂ ಲೆಕ್ಕವಿದೆ: ಅಮೆರಿಕದ ಇಲಾಖೆ 2012ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ, ತೀರಾ ಗಾಳಿ ಇಳಿದ ಟೈರಿನಲ್ಲೇ ಕಾರು ಓಡುತ್ತಿರುವ ಸಂಭವವನ್ನು ಈ ವ್ಯವಸ್ಥೆ ಶೇ 55.6ರಷ್ಟು ತಗ್ಗಿಸಿದೆ.

ಭಾರತದಲ್ಲಿ ಎಲ್ಲ ಕಾರುಗಳಿಗೂ ಇದು ಕಡ್ಡಾಯವಾಗಿಲ್ಲ. ಆದರೂ ಎರಡು ಸರ್ಕಾರಿ ತೀರ್ಮಾನಗಳು ಇದನ್ನು ಮಧ್ಯಮ ಬೆಲೆಯ ಕಾರುಗಳವರೆಗೆ ತಂದಿವೆ. 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು ಮೊದಲನೆಯದು. ಬ್ರೇಕ್ ಬಲವಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಈ ವ್ಯವಸ್ಥೆಗಾಗಿ ಪ್ರತಿ ಚಕ್ರಕ್ಕೂ ವೇಗ ಅಳೆಯುವ ಸೆನ್ಸರ್ ಇರಬೇಕಾಗುತ್ತದೆ, ಮತ್ತು ಅದೇ ಸೆನ್ಸರಿನಿಂದ ಗಾಳಿಯ ಅಂದಾಜನ್ನೂ ಪಡೆಯಬಹುದು. ಎರಡನೆಯದು 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ: ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮತ್ತು ಟಿಪಿಎಂಎಸ್ ಇರುವ ಲಘು ವಾಹನಗಳಲ್ಲಿ ಸ್ಟೆಪ್ನಿ ಇಡಲೇಬೇಕೆಂಬ ಕಟ್ಟುಪಾಡು ಅದರಿಂದ ಸಡಿಲವಾಯಿತು. ಸ್ಟೆಪ್ನಿಯೇ ಇಲ್ಲದ ಕಾರಿನಲ್ಲಿ ಹಳದಿ ದೀಪವನ್ನು ಅಲಕ್ಷಿಸಿ ಆಗುಂಬೆಯ ತಿರುವುಗಳಲ್ಲಿ ಸಿಕ್ಕಿಕೊಂಡವರಿಗೆ ಈ ಸಡಿಲಿಕೆಯ ಬೆಲೆ ಏನೆಂಬುದು ತಿಳಿಯುತ್ತದೆ.

ರೀಸೆಟ್ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿರುವುದೇ ಗೊಂದಲದ ಮೂಲ. ಟಿಪಿಎಂಎಸ್‌ನಲ್ಲಿ ನೇರ ಮತ್ತು ಪರೋಕ್ಷ ಎಂಬ ಎರಡು ಬಗೆಗಳಿವೆ. ನೇರ ಬಗೆಯಲ್ಲಿ ಪ್ರತಿ ಚಕ್ರದ ಒಳಗೆ, ಗಾಳಿ ತುಂಬುವ ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಒತ್ತಡ ಮತ್ತು ಉಷ್ಣತೆಯನ್ನು ಅಳೆಯುವ ಚಿಪ್, ಚಕ್ರ ತಿರುಗುತ್ತಿದೆಯೇ ಎಂದು ಅರಿಯುವ ಚಲನಮಾಪಕ, ಒಂದು ಲಿಥಿಯಂ ಬ್ಯಾಟರಿ ಮತ್ತು ರೇಡಿಯೊ ಸಂಕೇತ ಕಳಿಸುವ ಭಾಗ, ಇಷ್ಟೂ ಅದರೊಳಗೆ ಅಡಕ. ಕಾರು ನಿಂತಾಗ ಬ್ಯಾಟರಿ ಉಳಿಸಲು ಪೆಟ್ಟಿಗೆ ನಿದ್ರಿಸುತ್ತದೆ. ಚಕ್ರ ಒಂದಿಷ್ಟು ವೇಗದಲ್ಲಿ ತಿರುಗತೊಡಗಿದ ಮೇಲೆ ಎಚ್ಚೆತ್ತು, ಆಗಾಗ ತನ್ನ ಗುರುತಿನ ಸಂಖ್ಯೆಯ ಜೊತೆಗೆ ಒತ್ತಡವನ್ನೂ ಉಷ್ಣತೆಯನ್ನೂ ರೇಡಿಯೊ ಮೂಲಕ ಕಾರಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಜ್, ಯುರೋಪಿನಲ್ಲಿ 433 ಮೆಗಾಹರ್ಟ್ಜ್ ಆವರ್ತನ ಬಳಕೆಯಲ್ಲಿದೆ. ಪರದೆಯ ಮೇಲೆ ನಾಲ್ಕೂ ಚಕ್ರಗಳ ಒತ್ತಡ ಪ್ರತ್ಯೇಕ ಅಂಕಿಗಳಲ್ಲಿ ಕಾಣುತ್ತಿದ್ದರೆ ಅದು ನೇರ ವ್ಯವಸ್ಥೆ ಎಂದು ತಿಳಿಯಬಹುದು. ಹ್ಯುಂಡೈ ಕ್ರೆಟಾದಂಥ ಕಾರುಗಳ ಮೇಲ್ದರ್ಜೆಯ ಆವೃತ್ತಿಗಳಲ್ಲಿ ಇರುವುದು ಇದೇ.

ಪರೋಕ್ಷ ಬಗೆಯಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರು ಭಾರಕ್ಕೆ ಸ್ವಲ್ಪ ಕುಗ್ಗುವುದರಿಂದ ಅದರ ಉರುಳುವ ಸುತ್ತಳತೆ ಕಿರಿದಾಗಿ, ಅದೇ ದೂರ ಸಾಗಲು ಉಳಿದ ಚಕ್ರಗಳಿಗಿಂತ ತುಸು ಹೆಚ್ಚು ಸುತ್ತಬೇಕಾಗುತ್ತದೆ ಎಂಬುದೇ ಇದರ ಆಧಾರ. 16 ಅಂಗುಲದ ರಿಮ್ಮಿಗೆ ಹಾಕುವ 205/60 ಅಳತೆಯ ಟೈರನ್ನು ತೆಗೆದುಕೊಂಡರೆ, ಅದರ ಸುತ್ತಳತೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಕಿಲೋಮೀಟರಿಗೆ ಅದು ಐನೂರರ ಆಸುಪಾಸಿನಲ್ಲಿ ಸುತ್ತುತ್ತದೆ. ಗಾಳಿ ಕಾಲುಭಾಗ ಇಳಿದರೂ ವ್ಯತ್ಯಾಸವಾಗುವುದು ಈ ಐನೂರರಲ್ಲಿ ಒಂದೆರಡು ಸುತ್ತು ಮಾತ್ರ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ಸುತ್ತುವುದು, ಹೊಸ ಟೈರಿನ ಸುತ್ತಳತೆ ಸವೆದ ಟೈರಿಗಿಂತ ಹೆಚ್ಚಿರುವುದು, ಡಿಕ್ಕಿಯ ಭಾರ ಹಿಂದಿನ ಚಕ್ರಗಳನ್ನು ಒತ್ತುವುದು, ಇವೆಲ್ಲವನ್ನೂ ಕಳೆದು ಆ ಒಂದೆರಡು ಸುತ್ತನ್ನು ಹೆಕ್ಕಿ ತೆಗೆಯಬೇಕಾದ ಲೆಕ್ಕ ಇದು. ಈಚಿನ ವ್ಯವಸ್ಥೆಗಳು ಇದಕ್ಕೆ ಇನ್ನೊಂದು ಪರೀಕ್ಷೆಯನ್ನು ಸೇರಿಸಿಕೊಂಡಿವೆ: ರಸ್ತೆಯ ಉಬ್ಬುತಗ್ಗಿಗೆ ಟೈರು ಕಂಪಿಸುವ ರೀತಿ ಅದರೊಳಗಿನ ಒತ್ತಡಕ್ಕೆ ತಕ್ಕಂತೆ ಬದಲಾಗುವುದರಿಂದ, ಆ ಕಂಪನದ ಆವರ್ತನವನ್ನು ವಿಶ್ಲೇಷಿಸಿ ನಾಲ್ಕೂ ಟೈರುಗಳು ಒಟ್ಟಿಗೆ ಇಳಿದುದನ್ನೂ ಊಹಿಸಲು ಸಾಧ್ಯವಾಗಿದೆ. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಕುಶಾಕ್ ಮೊದಲಾದವು ಪರೋಕ್ಷ ವ್ಯವಸ್ಥೆಯ ಕಾರುಗಳು. ಇವುಗಳ ಪರದೆಯಲ್ಲಿ ಅಂಕಿ ಕಾಣುವುದಿಲ್ಲ, ಎಚ್ಚರಿಕೆ ಮಾತ್ರ ಕಾಣುತ್ತದೆ.

ಪರೋಕ್ಷ ವ್ಯವಸ್ಥೆಗೆ 33 ಪಿಎಸ್‌ಐ ಎಂದರೇನು ಎಂಬುದು ಗೊತ್ತೇ ಇಲ್ಲವೆಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಅದಕ್ಕೆ ಗೊತ್ತಿರುವುದು 'ಮೊದಲಿನ ಹಾಗಿದೆ' ಅಥವಾ 'ಮೊದಲಿನ ಹಾಗಿಲ್ಲ' ಎಂಬುದಷ್ಟೇ, ಮತ್ತು ಆ 'ಮೊದಲು' ಯಾವುದು ಎಂಬುದನ್ನು ಹೇಳಿಕೊಡುವವನು ಕಾರಿನ ಮಾಲೀಕ. ರೀಸೆಟ್ ಒತ್ತಿದ ಕ್ಷಣದಲ್ಲಿ ಟೈರುಗಳು ಹೇಗಿವೆಯೋ ಅದೇ ಸರಿ ಎಂದು ಕಂಪ್ಯೂಟರ್ ಒಪ್ಪಿಕೊಂಡು, ಮುಂದಿನ ಓಟದಲ್ಲಿ ಪ್ರತಿ ಚಕ್ರದ ಸುತ್ತನ್ನು ಹೊಸದಾಗಿ ಕಲಿಯುತ್ತದೆ. ಇದಕ್ಕೆ ಕ್ಯಾಲಿಬ್ರೇಷನ್, ಅಂದರೆ ಅಳತೆಯ ಆರಂಭಬಿಂದುವನ್ನು ಗೊತ್ತುಮಾಡಿಕೊಳ್ಳುವ ಕ್ರಿಯೆ ಎಂದು ಹೆಸರು. ಎಡ ಹಿಂಬದಿಯ ಟೈರಿನಲ್ಲಿ 24 ಪಿಎಸ್‌ಐ ಇರುವಾಗಲೇ ರೀಸೆಟ್ ಒತ್ತಿದರೆ ದೀಪವೇನೋ ಆರುತ್ತದೆ, ಆದರೆ ಇನ್ನು ಮುಂದೆ ಆ ಚಕ್ರಕ್ಕೆ 24 ಎಂಬುದೇ ಸರಿಯಾದ ಅಳತೆಯಾಗಿ, ಅದು 19ರ ಹತ್ತಿರ ಬರುವವರೆಗೆ ದೀಪ ಬಾಯಿ ಬಿಡುವುದಿಲ್ಲ. ತಕ್ಕಡಿಯ ತಟ್ಟೆಯಲ್ಲಿ ಕಲ್ಲೊಂದು ಬಿದ್ದಿರುವಾಗಲೇ ಮುಳ್ಳನ್ನು ಸೊನ್ನೆಗೆ ತಿರುಗಿಸಿ ವ್ಯಾಪಾರ ಶುರುಮಾಡಿದಂತೆ ಇದು.

ಆದ್ದರಿಂದ ಮನೆಯಲ್ಲಿ ರೀಸೆಟ್ ಮಾಡುವ ಕೆಲಸದ ಬಹುಭಾಗ ಗಾಳಿಯನ್ನು ಸರಿಯಾಗಿ ಅಳೆದು ತುಂಬುವುದೇ ಆಗಿದೆ, ಬಟನ್ ಒತ್ತುವುದು ಕೊನೆಯ ಕೆಲವು ಸೆಕೆಂಡುಗಳ ಕೆಲಸ. ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯಲ್ಲಿ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಒತ್ತಡವಾಗಿದ್ದು, ತುಂಬಬೇಕಾದ ಪ್ರಮಾಣವಲ್ಲ. ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲುಗಳಿರುತ್ತವೆ. ಇಬ್ಬರು ಮೂವರು ಕೂತಾಗ ಒಂದು, ಸಂಸಾರಸಮೇತ ಲಗೇಜು ತುಂಬಿ ಹೊರಟಾಗ ಇನ್ನೊಂದು. ಧರ್ಮಸ್ಥಳಕ್ಕೋ ಗೋಕರ್ಣಕ್ಕೋ ಐದು ಜನ ಹೊರಡುವ ಮುನ್ನ ಹಿಂದಿನ ಟೈರುಗಳಿಗೆ ಹೆಚ್ಚು ಗಾಳಿ ಹಾಕಿದವರು ಪರೋಕ್ಷ ವ್ಯವಸ್ಥೆಯ ಕಾರಿನಲ್ಲಿ ಮತ್ತೆ ರೀಸೆಟ್ ಮಾಡಬೇಕು, ಊರಿಗೆ ಮರಳಿ ಗಾಳಿ ಇಳಿಸಿದ ಮೇಲೆ ಇನ್ನೊಮ್ಮೆ ಮಾಡಬೇಕು.

ಚೀಟಿಯ ಅಂಕಿ ತಣ್ಣಗಿರುವ ಟೈರಿಗೆ ಅನ್ವಯಿಸುವಂಥದು. ಕಾರು ಕನಿಷ್ಠ ಮೂರು ಗಂಟೆ ನೆರಳಿನಲ್ಲಿ ನಿಂತಿರಬೇಕು, ಅಥವಾ ಮನೆಯಿಂದ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಮುಚ್ಚಿದ ಪಾತ್ರದೊಳಗಿನ ಅನಿಲದ ಒತ್ತಡ ಅದರ ಉಷ್ಣತೆಗೆ ತಕ್ಕಂತೆ ಏರಿಳಿಯುತ್ತದೆಂಬ ಭೌತಶಾಸ್ತ್ರದ ನಿಯಮವನ್ನು 33 ಪಿಎಸ್‌ಐನ ಟೈರಿಗೆ ಅನ್ವಯಿಸಿದರೆ, ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಪಿಎಸ್‌ಐ ಬದಲಾವಣೆ ಆಗುತ್ತದೆ. ಏಪ್ರಿಲಿನ ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಬೆಂಗಳೂರಿನಲ್ಲಿ ತುಂಬಿಸಿದ ಗಾಳಿ, ಡಿಸೆಂಬರಿನ ಮುಂಜಾನೆ 15 ಡಿಗ್ರಿ ಚಳಿಯಲ್ಲಿ ಯಾವ ಸೋರಿಕೆಯೂ ಇಲ್ಲದೆ ಮೂರು ಪಿಎಸ್‌ಐ ಕಡಿಮೆ ತೋರಿಸುವುದು ಹೀಗೆ. ರಬ್ಬರಿನ ಮೂಲಕ ತಿಂಗಳಿಗೆ ಒಂದು ಪಿಎಸ್‌ಐನಷ್ಟು ಸಹಜವಾಗಿ ಸೋರುವುದೂ ಇದಕ್ಕೆ ಸೇರಿಕೊಂಡಾಗ, ಬೆಳಿಗ್ಗೆ ಹೊತ್ತಿದ ದೀಪ ಮಧ್ಯಾಹ್ನ ತಾನಾಗಿ ಆರುವ ಚಮತ್ಕಾರ ನಡೆಯುತ್ತದೆ. ಮಿಷಿಗನ್ ಅಥವಾ ಶಿಕಾಗೊದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಪ್ರತಿ ವರ್ಷದ ಅನುಭವ: ಶರತ್ಕಾಲದ 20 ಡಿಗ್ರಿಯಿಂದ ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಕೆಳಕ್ಕೆ ಕುಸಿದ ಬೆಳಿಗ್ಗೆ 33 ಇದ್ದದ್ದು 27ರ ಸುಮಾರಿಗೆ ಇಳಿದಿರುತ್ತದೆ, ಮತ್ತು ಮೊದಲೇ ಎರಡು ಪಿಎಸ್‌ಐ ಕಡಿಮೆಯಿದ್ದ ಕಾರುಗಳಲ್ಲಿ ದೀಪ ಹೊತ್ತುವ ಸಾಧ್ಯತೆ ಹೆಚ್ಚು. ನೈಟ್ರೋಜನ್ ತುಂಬಿಸಿದರೆ ಈ ತೊಂದರೆ ಇರುವುದಿಲ್ಲವೆಂಬ ಮಾತಿನಲ್ಲಿ ಹುರುಳಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ ಎಂಬುದು ನಿಜವಾದರೂ ಚಳಿಗೆ ಅದರ ಒತ್ತಡವೂ ಅಷ್ಟೇ ಇಳಿಯುತ್ತದೆ.

ಘಟ್ಟ ಹತ್ತಿ ಇಳಿಯುವ ನಾಡಿನಲ್ಲಿ ಎತ್ತರದ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೈಯಲ್ಲಿ ಹಿಡಿಯುವ ಗೇಜು ತೋರಿಸುವುದು ಟೈರಿನೊಳಗಿನ ಒತ್ತಡ ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು. ಸಮುದ್ರಮಟ್ಟದಲ್ಲಿರುವ ಮಂಗಳೂರಿಗೆ ಹೋಲಿಸಿದರೆ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಒತ್ತಡವೇ ಒಂದೂವರೆ ಪಿಎಸ್‌ಐ ಕಡಿಮೆ. ಹೀಗಾಗಿ ಬೆಂಗಳೂರಿನಲ್ಲಿ 33 ಇಟ್ಟು ಶಿರಾಡಿ ಘಾಟಿ ಇಳಿದು ಹೋದರೆ, ಉಷ್ಣತೆ ಒಂದೇ ಇದ್ದಲ್ಲಿ, ಮಂಗಳೂರಿನ ಗೇಜು ಮೂವತ್ತೊಂದೂವರೆ ತೋರಿಸುತ್ತದೆ. ಕರಾವಳಿಯ ಸೆಕೆ ಇದನ್ನು ಬಹುಮಟ್ಟಿಗೆ ಸರಿದೂಗಿಸುವುದರಿಂದ ಹೆಚ್ಚಿನವರ ಗಮನಕ್ಕೆ ಇದು ಬರುವುದೇ ಇಲ್ಲ. ಆದರೆ ಚಕ್ರದೊಳಗಿನ ಅನೇಕ ಸೆನ್ಸರ್‌ಗಳು ಹೊರಗಿನ ವಾತಾವರಣವನ್ನು ಲೆಕ್ಕಿಸದ ನಿರಪೇಕ್ಷ ಒತ್ತಡವನ್ನು ಅಳೆಯುತ್ತವಾದ್ದರಿಂದ, ಪರದೆಯ ಅಂಕಿಗೂ ಕೈಗೇಜಿನ ಅಂಕಿಗೂ ಒಂದೆರಡು ಪಿಎಸ್‌ಐ ತಾಳೆಯಾಗದಿದ್ದರೆ ಸೆನ್ಸರ್ ಕೆಟ್ಟಿದೆಯೆಂದು ಹೇಳುವಂತಿಲ್ಲ.

ಗಾಳಿ ತುಂಬಲು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಇನ್‌ಫ್ಲೇಟರ್ ಸಾಕು. ಬಂಕಿನ ಯಂತ್ರಕ್ಕಿಂತ ಇದು ನಿಧಾನ, ಸದ್ದು ಹೆಚ್ಚು. ಆದರೆ ಟೈರು ತಣ್ಣಗಿರುವಾಗಲೇ ಮನೆಯ ಮುಂದೆ ತುಂಬಿಕೊಳ್ಳಬಹುದಾದ್ದರಿಂದ ಈ ಕೆಲಸಕ್ಕೆ ಬಂಕಿಗಿಂತ ಇದೇ ಲೇಸು. ದೂರ ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಏರಿರುವುದು ಸಹಜ. ಹೆಚ್ಚಾಗಿದೆ ಎಂದು ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಅದೇ ಟೈರು ಕಡಿಮೆಯಾಗಿ ದೀಪ ಹೊತ್ತುತ್ತದೆ. ನಾಲ್ಕೂ ಟೈರುಗಳಲ್ಲಿ ಚೀಟಿಯ ಪ್ರಮಾಣ ಬಂದು, ವಾಲ್ವಿನ ಮುಚ್ಚಳಗಳನ್ನು ತಿರುಗಿಸಿ ಹಾಕಿದ ಬಳಿಕವೇ ಬಟನ್ನಿನ ಸರದಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಮುಂಭಾಗದ ಪರದೆಯ ವಾಹನ ವಿಭಾಗದಲ್ಲಿ ಟೈರಿನ ಪುಟ ತೆರೆದರೆ 'ಸೆಟ್' ಎಂಬ ಆಯ್ಕೆ ಸಿಗುತ್ತದೆ, ಹಳೆಯ ಕೆಲವು ಮಾದರಿಗಳಲ್ಲಿ ಗ್ಲವ್ ಬಾಕ್ಸಿನೊಳಗೆ ಬಟನ್ ಇರುತ್ತದೆ. ಬಟನ್ ಇರುವ ಅನೇಕ ಟೊಯೊಟಾಗಳಲ್ಲಿ ಇಗ್ನಿಷನ್ ಆನ್ ಮಾಡಿ, ಸ್ಟಿಯರಿಂಗ್ ಕೆಳಗಿನ ಬಟನ್ನನ್ನು ದೀಪ ಮೂರು ಬಾರಿ ನಿಧಾನವಾಗಿ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಪರೋಕ್ಷ ವ್ಯವಸ್ಥೆಯ ಹೋಂಡಾ ಕಾರುಗಳಲ್ಲಿ ದೀಪ ಎರಡು ಬಾರಿ ಮಿನುಗಿದರೆ ಕಲಿಕೆ ಶುರುವಾಯಿತೆಂದು ಅರ್ಥ. ಎಲ್ಲ ಕಾರುಗಳಲ್ಲೂ ವಾಹನ ನಿಂತಿರಬೇಕು, ಪಾರ್ಕಿಂಗ್ ಬ್ರೇಕ್ ಎಳೆದಿರಬೇಕು. ಉಳಿದ ವಿವರ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಕಾರಿನ ಜೊತೆ ಬಂದ ಕೈಪಿಡಿಯ ಆ ಒಂದು ಪುಟವನ್ನು ಓದದೆ ಬೇರೆ ದಾರಿಯಿಲ್ಲ.

ಬಟನ್ ಒತ್ತಿದ ತಕ್ಷಣ ಕೆಲಸ ಮುಗಿಯಿತೆಂದು ಭಾವಿಸುವುದು ಇನ್ನೊಂದು ತಪ್ಪು. ಕಂಪ್ಯೂಟರ್ ಕಲಿಯುವುದು ರಸ್ತೆಯ ಮೇಲೆ. ಅಮೆರಿಕದ ಹೋಂಡಾ ಕೈಪಿಡಿಗಳು ಗಂಟೆಗೆ ಸುಮಾರು 48ರಿಂದ 105 ಕಿಲೋಮೀಟರ್ ವೇಗದ ನಡುವೆ, ಬಿಟ್ಟು ಬಿಟ್ಟಾದರೂ ಸರಿ, ಒಟ್ಟು ಅರ್ಧ ಗಂಟೆಯ ಓಟ ಬೇಕೆನ್ನುತ್ತವೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ತೆವಳುವ ಕಾರಿಗೆ ಆ ಅರ್ಧ ಗಂಟೆ ಒದಗಿ ಬರಲು ಕೆಲವು ದಿನಗಳೇ ಬೇಕಾದೀತು, ಮತ್ತು ಅಲ್ಲಿಯವರೆಗೆ ಎಚ್ಚರಿಕೆ ವ್ಯವಸ್ಥೆ ಅರೆಗಣ್ಣಿನಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ಗಾಳಿ ಸರಿಪಡಿಸಿ, ರೀಸೆಟ್ ಮಾಡಿ, ನೈಸ್ ರಸ್ತೆಯಲ್ಲೋ ತುಮಕೂರಿನ ಹೆದ್ದಾರಿಯಲ್ಲೋ ಒಂದು ಸುತ್ತು ಹೋಗಿ ಬರುವುದು ಉತ್ತಮ. ಟೈರ್ ಬದಲಿಸಿದಾಗ, ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕುವ ರೊಟೇಷನ್ ಮಾಡಿಸಿದಾಗ, ಪಂಕ್ಚರ್ ತಿದ್ದಿಸಿದಾಗ ಪರೋಕ್ಷ ವ್ಯವಸ್ಥೆಗೆ ಇದೇ ಕ್ರಮವನ್ನು ಮತ್ತೆ ಅನುಸರಿಸಬೇಕು.

ನೇರ ವ್ಯವಸ್ಥೆಯ ಕಾರುಗಳ ವಿಚಾರ ಬೇರೆ. ಒತ್ತಡವನ್ನು ಅವು ಅಂಕಿಯಲ್ಲೇ ಬಲ್ಲವಾದ್ದರಿಂದ ಹಲವು ಮಾದರಿಗಳಲ್ಲಿ ರೀಸೆಟ್ ಬಟನ್ನೇ ಇರುವುದಿಲ್ಲ. ಗಾಳಿ ತುಂಬಿ ಕೆಲವು ಕಿಲೋಮೀಟರ್ ಓಡಿಸಿದರೆ ಸೆನ್ಸರ್ ಎಚ್ಚೆತ್ತು ಹೊಸ ಅಂಕಿ ಕಳಿಸಿ, ದೀಪ ತಾನಾಗಿ ಆರುತ್ತದೆ. ಇಲ್ಲಿ ಬೇಕಾಗುವುದು ಬೇರೊಂದು ಬಗೆಯ ರೀಸೆಟ್: ಯಾವ ಗುರುತಿನ ಸಂಖ್ಯೆಯ ಸೆನ್ಸರ್ ಯಾವ ಮೂಲೆಯಲ್ಲಿದೆ ಎಂಬುದನ್ನು ಕಾರಿಗೆ ಮತ್ತೆ ಪರಿಚಯಿಸುವುದು. ಚಕ್ರಗಳ ಜಾಗ ಬದಲಿಸಿದಾಗ ಅಥವಾ ಹೊಸ ಸೆನ್ಸರ್ ಹಾಕಿದಾಗ ಕೆಲವು ಕಾರುಗಳು ಓಡುತ್ತಲೇ ಇದನ್ನು ಕಲಿತುಕೊಳ್ಳುತ್ತವೆ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್‌ನ ಅನೇಕ ಅಮೆರಿಕನ್ ಮಾದರಿಗಳಲ್ಲಿ ಕಾರನ್ನು ಕಲಿಕೆಯ ಸ್ಥಿತಿಗೆ ತಂದು, ಎಡ ಮುಂಬದಿಯಿಂದ ಆರಂಭಿಸಿ ಬಲ ಮುಂಬದಿ, ಬಲ ಹಿಂಬದಿ, ಎಡ ಹಿಂಬದಿ ಎಂಬ ಕ್ರಮದಲ್ಲಿ ಪ್ರತಿ ವಾಲ್ವಿನ ಬಳಿ ಒಂದು ಸಣ್ಣ ಪ್ರಚೋದಕ ಉಪಕರಣ ಹಿಡಿಯುತ್ತಾರೆ. ಅದು 125 ಕಿಲೋಹರ್ಟ್ಜ್ ಸಂಕೇತದಿಂದ ಸೆನ್ಸರನ್ನು ಎಬ್ಬಿಸುತ್ತದೆ, ಕಾರು ಅದನ್ನು ಗುರುತಿಸಿದಾಗ ಹಾರ್ನ್ ಒಮ್ಮೆ ಕೂಗುತ್ತದೆ. ಉಪಕರಣ ಕೈಯಲ್ಲಿದ್ದರೆ ಇದೂ ಮನೆಯಲ್ಲೇ ಆಗುವ ಕೆಲಸ. ಈ ರೇಡಿಯೊ ಸಂಕೇತಗಳಿಗೆ ಗೂಢಲಿಪಿಯ ರಕ್ಷಣೆ ಇಲ್ಲದಿರುವುದನ್ನೂ, ಅವನ್ನು 40 ಮೀಟರ್ ದೂರದಿಂದ ಕದ್ದು ಕೇಳಬಹುದು, ಸುಳ್ಳು ಸಂಕೇತ ಕಳಿಸಿ ದೀಪ ಹೊತ್ತಿಸಲೂಬಹುದು ಎಂಬುದನ್ನೂ 2010ರಲ್ಲಿ ರಟ್ಗರ್ಸ್ ಮತ್ತು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿಕೊಟ್ಟರು. ಆದರೆ ರಸ್ತೆಯಲ್ಲಿ ದೀಪ ಹೊತ್ತಿದರೆ ಅನುಮಾನಿಸಬೇಕಾದದ್ದು ಮೊಳೆಯನ್ನು, ಕಿಡಿಗೇಡಿಯನ್ನಲ್ಲ.

ದೀಪ ಸ್ಥಿರವಾಗಿ ಉರಿಯುವುದಕ್ಕೂ ಮೊದಲು ಮಿನುಗಿ ಆಮೇಲೆ ಉರಿಯುವುದಕ್ಕೂ ಇರುವ ಅಂತರವನ್ನು ತಿಳಿದವರು ಕಡಿಮೆ. ಗಾಡಿ ಸ್ಟಾರ್ಟ್ ಮಾಡಿದಾಗ ಸುಮಾರು ಒಂದು ನಿಮಿಷ ಮಿನುಗಿ ನಂತರ ಸ್ಥಿರವಾದರೆ ಅದು ಗಾಳಿಯ ದೂರಲ್ಲ, ವ್ಯವಸ್ಥೆಯೇ ಕೆಟ್ಟಿರುವ ಸೂಚನೆ. ಅದಕ್ಕೆ ರೀಸೆಟ್ ಮದ್ದಲ್ಲ. ಐದರಿಂದ ಹತ್ತು ವರ್ಷಗಳಲ್ಲಿ ಸೆನ್ಸರಿನ ಬ್ಯಾಟರಿ ಮುಗಿಯುತ್ತದೆ, ಮತ್ತು ಅದನ್ನು ರಾಳದಲ್ಲಿ ಮುಚ್ಚಿ ಕೂರಿಸಿರುವುದರಿಂದ ಬ್ಯಾಟರಿಯೊಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಸೆನ್ಸರನ್ನೇ ಹೊಸದಾಗಿ ಹಾಕಬೇಕು. ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದಾಗಲೂ ಹೀಗೆಯೇ ಮಿನುಗುವುದುಂಟು, ಏಕೆಂದರೆ ಹಲವು ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. ಮೂಲ ಚಕ್ರ ಮರಳಿ ಬಂದಾಗ ದೀಪ ಆರುತ್ತದೆ. ಇಂಥ ಹೊತ್ತಿನಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಹಾಕಿ ನೋಡುವುದು, ಎಲ್ಲ ಟೈರುಗಳಿಗೂ ಮೂರು ಪಿಎಸ್‌ಐ ಹೆಚ್ಚು ಹೊಡೆದು, ಪೂರ್ತಿ ಗಾಳಿ ಬಿಟ್ಟು, ಮತ್ತೆ ತುಂಬುವುದು ಮೊದಲಾದ ಉಪಾಯಗಳು ಬಾಯಿಂದ ಬಾಯಿಗೆ ಹರಡಿವೆ. ಮೊದಲನೆಯದರಿಂದ ಗಡಿಯಾರ, ರೇಡಿಯೊ, ಪವರ್ ವಿಂಡೋಗಳ ನೆನಪು ಅಳಿಸಿಹೋಗಬಹುದೇ ಹೊರತು ಸತ್ತ ಸೆನ್ಸರ್ ಬದುಕುವುದಿಲ್ಲ, ಎರಡನೆಯದರಿಂದ ಅರ್ಧ ದಿನ ಹಾಳು.

ಪಂಕ್ಚರ್ ಅಂಗಡಿಯಲ್ಲಿ ಒಂದು ಮಾತು ಮುಂಚಿತವಾಗಿ ಹೇಳುವುದರಿಂದ ಸಾವಿರಾರು ರೂಪಾಯಿ ಉಳಿಯುತ್ತದೆ. ಟೈರನ್ನು ರಿಮ್ಮಿನಿಂದ ಬಿಡಿಸುವ ಯಂತ್ರದ ಅಗಲವಾದ ಹಲಗೆ ಟೈರಿನ ಪಕ್ಕೆಯನ್ನು ಒಳಕ್ಕೆ ದೂಡುವಾಗ, ಅದು ವಾಲ್ವಿನ ನೇರಕ್ಕೆ ಬಂದರೆ ಒಳಗಿನ ಸೆನ್ಸರ್ ಬಿಸ್ಕತ್ತಿನಂತೆ ಮುರಿಯುತ್ತದೆ; ಆದ್ದರಿಂದ 'ಒಳಗೆ ಸೆನ್ಸರ್ ಇದೆ' ಎಂದು ಚಕ್ರ ಇಳಿಸುವ ಮೊದಲೇ ತಿಳಿಸಬೇಕು. ಟೈರ್ ಬಿಚ್ಚದೆ ಸ್ಟ್ರಿಪ್ ತೂರಿಸಿ ಮಾಡುವ ಪಂಕ್ಚರಿಗೆ ಈ ಭಯವಿಲ್ಲ. ಅಂಟುದ್ರವ, ಅಂದರೆ ಸೀಲೆಂಟ್ ಸುರಿದರೆ ಅದು ಸೆನ್ಸರಿನ ಗಾಳಿರಂಧ್ರವನ್ನು ಮುಚ್ಚಿಬಿಡುವ ಸಾಧ್ಯತೆ ಇದೆ. ಉಡುಪಿ, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು: ಸೆನ್ಸರ್ ಇರುವ ವಾಲ್ವುಗಳ ಕಾಂಡ ಬಹಳಷ್ಟು ಕಡೆ ಅಲ್ಯೂಮಿನಿಯಮ್ಮಿನದಾಗಿದ್ದು, ಅದರ ಮೇಲೆ ಅಲಂಕಾರಕ್ಕೆಂದು ಹಿತ್ತಾಳೆಯ ಮುಚ್ಚಳ ಹಾಕಿದರೆ ಎರಡು ಲೋಹಗಳ ನಡುವೆ ತೇವದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯಿಂದ ಮುಚ್ಚಳ ಕಚ್ಚಿಕೊಂಡು, ತಿರುಗಿಸಲು ಹೋದರೆ ಕಾಂಡವೇ ಮುರಿದು ಬರುತ್ತದೆ. ಪ್ಲಾಸ್ಟಿಕ್ ಮುಚ್ಚಳವೇ ಇದಕ್ಕೆ ತಕ್ಕದ್ದು.

ಇಷ್ಟೆಲ್ಲದರ ಮೇಲೂ, ಚೀಟಿಯಲ್ಲಿ 33 ಇರುವ ಕಾರಿನಲ್ಲಿ ಶೇ 25ರ ಮಿತಿಯ ದೀಪ 25 ಪಿಎಸ್‌ಐಗೆ ಇಳಿಯುವವರೆಗೆ ಹೊತ್ತುವುದಿಲ್ಲ. 28ರಲ್ಲಿ ಓಡುತ್ತಿರುವ ಟೈರು ಅಂಚು ಸವೆಯುತ್ತಾ, ಪೆಟ್ರೋಲು ಹೆಚ್ಚು ಕುಡಿಯುತ್ತಾ ಸಾಗುತ್ತಿದ್ದರೂ ಪರೋಕ್ಷ ವ್ಯವಸ್ಥೆಯ ಪರದೆ ಸುಮ್ಮನಿರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಕೈಗೇಜಿನಿಂದ ತಿಂಗಳಿಗೊಮ್ಮೆ, ಸ್ಟೆಪ್ನಿಯನ್ನೂ ಸೇರಿಸಿ, ಬೆಳಗಿನ ಹೊತ್ತು ಅಳೆಯುವ ಕೆಲಸವನ್ನು ಯಾವ ಸೆನ್ಸರೂ ತಪ್ಪಿಸುವುದಿಲ್ಲ. ಗಾಳಿ ಸರಿಯಾಗಿ ತುಂಬಿ ರೀಸೆಟ್ ಮಾಡಿದ ಎರಡು ಮೂರು ದಿನಗಳಲ್ಲೇ ದೀಪ ಮತ್ತೆ ಹೊತ್ತಿದರೆ ಬಟನ್ನನ್ನು ಮುಟ್ಟಬಾರದು; ಚಕ್ರವನ್ನು ಪಂಕ್ಚರ್ ಅಂಗಡಿಗೆ ಒಯ್ದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕಿಸಬೇಕು.